ಕಾಲಿಲ್ಲದವು ಟ್ಯಾಂಕ್ ಹತ್ತಿದ್ದು

ಕಚೇರಿಗಳಿಗೆ ಹೋಗಿ ಸರಿಯಾದ ಮಾತನ್ನು ಸರಿಯಾಗಿ ಹೇಳಿದರೂ ಅವರ ಕಿವಿಗೆ ಬೀಳುವುದು ಬೇರೆಯೇ. ನನಗಂತೂ ಇದು ವರ್ಷಪೂರ್ತಿ ನಡೆಯುತ್ತಲೇ ಇರುತ್ತದೆ. ಹೋದ ವರ್ಷ ಭದ್ರಾವತಿಯ ನಮ್ಮ ಕ್ವಾರ್ಟರ್ಸ್‌ನ ನೀರಿನ ಟ್ಯಾಂಕ್ ತೊಳೆಸಲು ಓಡಾಡಿದೆನಲ್ಲ, ಆಗ ಇಂಥವೇ ಒಂದರ ಹಿಂದೊಂದು ನಡೆದವು. ನಲ್ಲಿಯಲ್ಲಿ ಲೋಳೆಯ ಚೂರು ಬರುತ್ತಿತ್ತು. ಆ ನೀರು ಕುಡಿದು ನಮ್ಮ ಸಾಲಿನ ಮಕ್ಕಳಿಗೆಲ್ಲ ಭೇದಿ. ನನ್ನ ಮೊಮ್ಮಗಳು ಎರಡು ಸಲ ಆಸ್ಪತ್ರೆ ಸೇರಿ ಗ್ಲೂಕೋಸ್ ಹಾಕಿಸಿಕೊಂಡು ಬಂದಳು. ಮೂರನೆಯ ಸಲ ಹೋಗಬಾರದು. ನನ್ನ ಬೇಡಿಕೆ ಅಷ್ಟೇ ಇತ್ತು.

ಹಾವಿಗೆ ಕಾಲಿದೆಯಾ?

ಮೊದಲು ನೀರು ಸರಬರಾಜಿನ ಇಂಜಿನಿಯರ್ ಹತ್ತಿರ ಹೋದೆ. ಬ್ಲೀಚಿಂಗ್ ಪೌಡರ್ ಹಾಕಿಸಿದ್ದೇವೆ, ನೀರಲ್ಲಿ ಬಂದ ಬ್ಯಾಕ್ಟೀರಿಯಾ ನೀರಲ್ಲೇ ಹೋಗುತ್ತದೆ ಎಂದರು. ನಾನು ಲೈಬ್ರರಿಯಲ್ಲಿ ಕೂತು ಇದನ್ನೆಲ್ಲ ಓದಿಕೊಂಡೇ ಹೋಗಿದ್ದೆ. ಅವು ಗೋಡೆಗೆ ಅಂಟಿ ಲೋಳೆಯೊಳಗೆ ಅಡಗುತ್ತವೆ, ಪೌಡರ್ ಅಲ್ಲಿಗೆ ಸರಿಯಾಗಿ ಇಳಿಯುವುದಿಲ್ಲ, ಬ್ರಷ್ ಹಾಕಿ ಉಜ್ಜದಿದ್ದರೆ ಗೋಡೆಯ ಮೇಲೆಯೇ ನಡೆದುಕೊಂಡು ಹರಡುತ್ತವೆ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಕಾಲೇ ಇಲ್ಲದ್ದು ಹೇಗ್ರೀ ನಡೆಯುತ್ತೆ?"

"ಹಾವಿಗೆ ಕಾಲಿದೆಯಾ ಸಾರ್?"

ಅವರ ಮುಖ ಗಂಭೀರವಾಯಿತು. ಪೆನ್ನು ಎತ್ತಿಕೊಂಡು ಏನೋ ಬರೆದುಕೊಂಡರು. ಅಂತೂ ತಲೆಗೆ ಹೋಯಿತಲ್ಲ ಎಂದು ಮನೆಗೆ ಬಂದೆ. ಮರುದಿನ ಟ್ಯಾಂಕ್ ತೊಳೆಯುವವರ ಬದಲು ಹಾವು ಹಿಡಿಯುವವನು ಚೀಲ, ಕೊಕ್ಕೆ ಹಿಡಿದು ಬಂದ.

ತೊಳೆದ ದಿನಾಂಕ

ಆಮೇಲೆ ನಮಗೆ ನೀರು ಬಿಡುವ ನೀರುಗಂಟಿಯನ್ನು ಹಿಡಿದುಕೊಂಡೆ. ನೀನಾದರೂ ಹತ್ತಿ ನೋಡಿ ಹೇಳಪ್ಪ ಎಂದೆ. ಏಣಿ ತುಕ್ಕು ಹಿಡಿದಿದೆ, ವರ್ಷಗಳಿಂದ ಯಾರೂ ಹತ್ತಿಲ್ಲ ಎಂದ. ನನಗೆ ಪಿತ್ತ ನೆತ್ತಿಗೇರಿತು. ಟ್ಯಾಂಕಿನ ಕಂಬದ ಮೇಲೆ 'ಶುಚಿಗೊಳಿಸಿದ ದಿನಾಂಕ' ಅಂತ ಪ್ರತಿ ತಿಂಗಳೂ ಹೊಸ ಪೇಂಟ್ ಬೀಳುತ್ತಿತ್ತು. ಹಾಗಾದರೆ ಅದೇನೋ ಮಾರಾಯ ಎಂದು ಕೇಳಿದೆ.

ಅವನಿಗೆ ನನ್ನ ದಡ್ಡತನ ನೋಡಿ ಬೇಜಾರಾಯಿತು. "ಅದನ್ನ ಬರೆಯೋಕೆ ಮೇಲೆ ಯಾಕೆ ಸಾರ್ ಹತ್ತಬೇಕು?"

ಟವೆಲ್

ಕೊನೆಗೆ ಬಿದಿರೇಣಿ ಇಟ್ಟು ನಾನೇ ಹತ್ತಿದೆ. ಲೋಳೆ ಕೆರೆದು ಬಾಟಲಿಗೆ ಹಾಕಿಕೊಂಡು ಶಿವಮೊಗ್ಗದ ಬಸ್ ಹತ್ತಿದೆ. ವಿದ್ಯಾನಗರದಲ್ಲಿ ಒಬ್ಬ ವಿಜ್ಞಾನಿ ಮೇಡಂ ಇದ್ದಾರೆ. ಬ್ಯಾಕ್ಟೀರಿಯಾ ಹೇಗೆ ನಡೆಯುತ್ತದೆ ಎನ್ನುವುದೊಂದನ್ನೇ ಇಪ್ಪತ್ತು ವರ್ಷದಿಂದ ನೋಡುತ್ತಾ ಕೂತವರು. ಬಾಟಲಿ ತೆಗೆದುಕೊಂಡು, ಎರಡು ದಿನ ಬಿಟ್ಟು ಲ್ಯಾಬಿಗೆ ಬರಹೇಳಿದರು. ಮುಚ್ಚಿದ ಗಾಜಿನ ತಟ್ಟೆಯೊಳಗೆ ಜೆಲ್ಲಿ. ಅದರ ನಡುವೆ ಅವರು ಇಟ್ಟಿದ್ದ ನನ್ನ ಲೋಳೆಯ ಒಂದು ಚುಕ್ಕೆ ಉಂಗುರದ ಸುತ್ತ ಉಂಗುರವಾಗಿ ಅಂಚಿನವರೆಗೂ ಹರಡಿತ್ತು.

ಕೆಲವು ಬಾಲ ತಿರುಗಿಸುತ್ತಾ ಗುಂಪುಗುಂಪಾಗಿ ನುಗ್ಗುತ್ತವಂತೆ. ಇನ್ನು ಕೆಲವು ಮುಂದಕ್ಕೆ ಒಂದು ಎಳೆ ಎಸೆಯುತ್ತವೆ, ಅದರ ತುದಿ ಅಂಟಿದ ಮೇಲೆ ಎಳೆಯನ್ನು ಒಳಕ್ಕೆ ಸೆಳೆದುಕೊಂಡು ಮೈಯನ್ನು ಮುಂದಕ್ಕೆ ಜಗ್ಗಿಕೊಳ್ಳುತ್ತವೆ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು ಆಮೇಲೆ ನುಗ್ಗುವ ಹಾಗಾ ಎಂದೆ. ಮೇಡಂ ಬಹಳ ಯೋಚನೆ ಮಾಡಿ, ಹೌದು, ಆದರೆ ಇವು ಬಾಗಿಲಿಗೆ ಸುತ್ತಿಕೊಂಡು ಬರುವುದಿಲ್ಲ, ಆ ಟವೆಲನ್ನೇ ಹಿಡಿದು ಕಿಟಕಿಯಿಂದ ಬರುತ್ತವೆ ಎಂದರು.

ಇಷ್ಟು ಚೆನ್ನಾಗಿ ಹೇಳಿದವರು ವರದಿಯಲ್ಲಿ ಬರೆದದ್ದು: 'ಹಾನಿಕರ ಬ್ಯಾಕ್ಟೀರಿಯಾ ಇರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು.' ನನಗೆ ತಡೆಯಲಾಗಲಿಲ್ಲ.

"ಇದೆಯೋ ಇಲ್ವೋ ಮೇಡಂ?"

"ಬೇಕಾದಷ್ಟಿದೆ ಮಾರಾಯ್ರೇ. ನಾನಾಗಿದ್ರೆ ಆ ನೀರಲ್ಲಿ ಕಾಲೂ ತೊಳೀತಿರಲಿಲ್ಲ."

"ಅದನ್ನೇ ಬರೀರಿ."

"ವರದಿಗೆ ಒಂದೇ ಜೊತೆ ಕಾಲಿನ ಸಾಕ್ಷಿ ಸಾಕಾಗಲ್ಲ. ಕನಿಷ್ಠ ಮೂವತ್ತು ಜನರದ್ದು ಬೇಕು."

ಚಳವಳಿ

ಅಲ್ಲಗಳೆಯಲಾಗದು ಅಂದರೆ ಏನೂ ಇಲ್ಲ ಅಂತಲೇ ಅರ್ಥ ಎಂದು ಇಂಜಿನಿಯರ್ ವರದಿಯನ್ನು ಫೈಲಿಗೆ ಹಾಕಿಬಿಟ್ಟರು. ಆಗಲಿ, ಜನರಿಗೇ ಹೇಳೋಣ ಎಂದು ಟ್ಯಾಂಕಿನ ಪಕ್ಕದ ಸಮುದಾಯ ಭವನದಲ್ಲಿ ಮೇಡಂ ಅವರ ಭಾಷಣ ಇಟ್ಟುಕೊಂಡೆ. ವಿಷಯವನ್ನು ಅವರು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು, ಟ್ಯಾಂಕಿನ ಗೋಡೆಯ ಮೇಲೆ ಬ್ಯಾಕ್ಟೀರಿಯಾದ 'ಮೂವ್‌ಮೆಂಟ್' ಅಂತ. ಭವನ ಕೇಳಿ ಕೊಟ್ಟ ಅರ್ಜಿ ಕನ್ನಡದಲ್ಲೇ ಇರಬೇಕು ಎಂದ ಕಚೇರಿಯ ಗುಮಾಸ್ತ ತಾನೇ ಅನುವಾದ ಮಾಡಿದ. ಧರಣಿ ಕೂರುತ್ತೇನೆ ಎನ್ನುವ ನನ್ನ ಮನವಿಗಳನ್ನು ಓದಿ ಓದಿ ಅವನಿಗೆ ಆ ಪದಕ್ಕೆ ಒಂದೇ ಅರ್ಥ ಗೊತ್ತಿತ್ತು. 'ಟ್ಯಾಂಕಿನ ಮೇಲೆ ಬ್ಯಾಕ್ಟೀರಿಯಾ ಚಳವಳಿ' ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿ, ಪೊಲೀಸ್ ಠಾಣೆಗೊಂದು ಪ್ರತಿ ಕಳಿಸಿದ.

ಸಂಜೆಗೆ ಪೇದೆಯೊಬ್ಬ ಮನೆಗೆ ಬಂದ. ಈ ಸಂಘಟನೆಯ ಹೆಸರೇ ಕೇಳಿಲ್ಲ, ಹೊಸದಾ ಎಂದ. ಮನುಷ್ಯರಿಗಿಂತ ಹಳೆಯದು ಎಂದೆ. ಬರೆದುಕೊಂಡ.

"ಎಷ್ಟು ಜನ ಟ್ಯಾಂಕ್ ಹತ್ತುತ್ತಾರೆ ಸಾರ್?"

"ಹತ್ತಿ ಕೂತಾಗಿದೆಯಪ್ಪ. ಕೋಟಿಗಟ್ಟಲೆ."

"ಲೀಡರ್ ಯಾರು?"

"ಲೀಡರ್ ಇಲ್ಲ. ಪಕ್ಕದ್ದು ನುಗ್ಗಿದ್ರೆ ಇದೂ ನುಗ್ಗುತ್ತೆ."

ಅವನ ಪೆನ್ನು ನಿಂತಿತು. ಇಳಿಸಲು ಏನು ಮಾಡಬೇಕು ಎಂದು ಮೆಲ್ಲಗೆ ಕೇಳಿದ. ಬ್ರಷ್ ಹಾಕಿ ಉಜ್ಜಬೇಕು ಎಂದೆ. ಲಾಠಿ ಸಾಲದಾ ಎಂದ.

ಮರುದಿನವೇ ಇಂಜಿನಿಯರ್, ಹೊಸ ಏಣಿ, ಬ್ರಷ್ ಹಿಡಿದ ಎಂಟು ಜನ ಬಂದರು. ನೀರು ಖಾಲಿ ಮಾಡಿ, ಗೋಡೆಯ ಲೋಳೆಯನ್ನೆಲ್ಲ ಬುಡಸಮೇತ ಉಜ್ಜಿ ತೆಗೆದರು. ವಾರದ ನಂತರ ಕಚೇರಿಗೆ ಕರೆಸಿ, ಫೈಲ್ ಮುಗಿಸಬೇಕು, ಸಹಿ ಹಾಕಿ ಎಂದು ಗುಮಾಸ್ತ ಟೈಪ್ ಮಾಡಿದ ಹಾಳೆ ಮುಂದಿಟ್ಟ. 'ಬೇಡಿಕೆ ಈಡೇರಿದ್ದರಿಂದ ಸದರಿ ಬ್ಯಾಕ್ಟೀರಿಯಾಗಳು ತಮ್ಮ ಚಳವಳಿಯನ್ನು ಬೇಷರತ್ತಾಗಿ ಹಿಂಪಡೆದಿರುತ್ತವೆ.'

ಇದು ತಪ್ಪು, ಅದು ಚಲನೆ, ಚಳವಳಿ ಅಲ್ಲ ಎಂದು ಕೂಗಾಡಿದೆ. ಅವನು ಸಮಾಧಾನವಾಗಿ, ಚಳವಳಿ ತಪ್ಪು ಎಂದಾದರೆ ಟ್ಯಾಂಕ್ ತೊಳೆದದ್ದೂ ತಪ್ಪಾಗುತ್ತದೆ, ಮತ್ತೆ ಯಾವತ್ತೂ ತೊಳೆಯುವ ಹಾಗಿಲ್ಲ ಎಂದ. ಮೊಮ್ಮಗಳ ಮುಖ ನೆನಪಾಯಿತು. ಸಹಿ ಹಾಕಿದೆ.

ಕೆಳಗೆ ಇನ್ನೊಂದು ಸಾಲಿತ್ತು: 'ಸಹಿ ಮಾಡಿದವರಿಗೂ ಸಂಘಟನೆಗೂ ಇರುವ ಸಂಬಂಧ.' ಸಿಟ್ಟಿನಲ್ಲಿ 'ಬದ್ಧ ವೈರಿ' ಎಂದು ಬರೆದೆ. ಗುಮಾಸ್ತ ಓದಿ, ತಲೆಯಾಡಿಸಿ, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಭಿನ್ನಮತೀಯ ಬಣ' ಎಂದು ಬರೆದು ಸೀಲು ಒತ್ತಿದ.