ನಾಲಿಗೆ ಮಾಲತೇಶಪ್ಪನವರ ಬಳ್ಳೊಳ್ಳಿ ಖಾರ

“ನನ್ನ ನಾಲಿಗಿ ತಪ್ಪಿತಂದ್ರ ಈ ಬೋರ್ಡ್ ನನ್ನ ಕೈಯಾರ ಇಳಸ್ತೇನಿ!”

ಶನಿವಾರ ಸಂಜೆ ಅಂಗಡಿಯ ಕಟ್ಟೆಯ ಮೇಲೆ ನಿಂತು ಮಾಲತೇಶಪ್ಪನವರು ಹೀಗೆ ಘೋಷಿಸಿದಾಗ ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ಹಾವೇರಿಯಿಂದ ಬಂದಿದ್ದ ಅಫ್ರೀನ್. ಇನ್ನೊಬ್ಬಳು ಚಹಾ ಹಿಡಿದು ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೈಲವ್ವ. ಅಫ್ರೀನ್ ಚಪ್ಪಾಳೆ ತಟ್ಟಿದಳು. ಮೈಲವ್ವನ ಕೈಯಲ್ಲಿದ್ದ ಕಪ್ಪು ಬಸಿಯ ಮೇಲೆ ಟಣ್ ಎಂದಿತು.

ಬೋರ್ಡೆಂದರೆ ಅಂತಿಂಥ ಬೋರ್ಡಲ್ಲ. ಹಳದಿ ತಗಡಿನ ಮೇಲೆ ಕೆಂಪು ಅಕ್ಷರ: ‘ನಾಲಿಗೆ ಮಾಲತೇಶಪ್ಪ, ಮೆಣಸಿನಕಾಯಿ ವ್ಯಾಪಾರಸ್ಥರು, ಬ್ಯಾಡಗಿ’. ಪೇಟೆಯ ಉಳಿದ ವ್ಯಾಪಾರಿಗಳು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸಪ್ಪಳ ಕೇಳುತ್ತಾರೆ, ತೊಟ್ಟು ಮುರಿದು ನೋಡುತ್ತಾರೆ, ಹಿಡಿಯಲ್ಲಿ ಹಿಚುಕಿ ತೇವ ಅಳೆಯುತ್ತಾರೆ. ಮಾಲತೇಶಪ್ಪನವರು ಹಾಗಲ್ಲ. ಕಾಯಿಯ ತುದಿ ಕಚ್ಚುತ್ತಾರೆ, ಕಣ್ಣು ಮುಚ್ಚುತ್ತಾರೆ, ಒಂದು ನಿಮಿಷ ಸಮಾಧಿಗೆ ಹೋಗುತ್ತಾರೆ. ಆಮೇಲೆ, “ಇದು ಗುತ್ತಲದ ಎರಿ ಹೊಲದ್ದು!” ಎಂದು ತೀರ್ಪು ಕೊಡುತ್ತಾರೆ. ಎದುರಿಗೆ ನಿಂತ ರೈತ ಗುತ್ತಲದವನೇ ಆಗಿರುತ್ತಿದ್ದ, ಅವನ ಚೀಲದ ಮೇಲೆ ಗುತ್ತಲ ಎಂದು ಬರೆದೂ ಇರುತ್ತಿತ್ತು, ಅದೂ ಖರೆ. ಆದರೆ ಮಾಲತೇಶಪ್ಪನವರು ಕಣ್ಣು ಮುಚ್ಚಿಕೊಂಡಿರುತ್ತಿದ್ದರಲ್ಲ!

ಅಫ್ರೀನ್ ಹೊಸ ಉದ್ಯೋಗ ಶುರು ಮಾಡಿದ್ದಳು. ದೂರದ ಊರಿನ ಜನರನ್ನು ಟೆಂಪೋದಲ್ಲಿ ಕರೆತಂದು ಒಂದೇ ದಿನದಲ್ಲಿ ಮೂರು ಊರು ತೋರಿಸುವುದು. ಬೆಳಿಗ್ಗೆ ಹಾವೇರಿಯಲ್ಲಿ ತನ್ನ ಮನೆಯವರ ಕೈಯಲ್ಲಿ ಏಲಕ್ಕಿ ಮಾಲೆ ಪೋಣಿಸುವ ಪಾಠ, ಮಧ್ಯಾಹ್ನ ಬ್ಯಾಡಗಿಯಲ್ಲಿ ಮೆಣಸಿನಕಾಯಿ, ಸಂಜೆ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ. ಮೂರರಲ್ಲಿ ಕೃಷ್ಣಮೃಗವೊಂದೇ ಬರುತ್ತೇನೆಂದು ಮಾತು ಕೊಟ್ಟಿರಲಿಲ್ಲ. ಬ್ಯಾಡಗಿಯ ಭಾಗಕ್ಕೆ ಅವಳು ಮಾಲತೇಶಪ್ಪನವರನ್ನು ಕೇಳಲು ಬಂದಿದ್ದಳು.

“ಕಾಕಾ, ಸುಮ್ನ ಚೀಲ ತೋರ್ಸಿದ್ರ ಸಾಲಂಗಿಲ್ಲ. ಬಂದವರು ತಮ್ಮ ಕೈಲೆ ಏನರ ಮಾಡ್ಬೇಕು.”

“ಮಾಡ್ಲಿ! ಹಿತ್ತಲದಾಗ ಒಳಕಲ್ಲು ಐತಿ. ಬಳ್ಳೊಳ್ಳಿ ಖಾರ ಕುಟ್ಟಲಿ. ನಮ್ಮ ಮನಿ ಖಾರ ಅಂದ್ರ ಏನಂತಿಳಕೊಂಡಿ? ಬರೇ ನನ್ನ ಅಂಗಡಿ ಕಾಯಿ. ಮ್ಯಾಲೆ ಬಳ್ಳೊಳ್ಳಿ, ಜೀರಿಗಿ, ಉಪ್ಪು. ನಾ ರುಚಿ ನೋಡಿ ಪಾಸೋ ನಾಪಾಸೋ ಹೇಳ್ತೇನಿ.”

ಅವಳು ಹೋದ ಮೇಲೆ ಮೈಲವ್ವ ಖಾಲಿ ಕಪ್ಪು ಎತ್ತುತ್ತಾ ಮೆಲ್ಲಗೆ ಅಂದಳು: “ಖಾರ ಯಾಕ್ರಿ? ಗಿರ್ಮಿಟ್ ಮಾಡಿ ಕೊಡೂಣಂತ. ಭಾಳ ಖುಷಿ ಪಡ್ತಾರ.”

“ಮೆಣಸಿನಕಾಯಿ ನೋಡಾಕ ಬಂದವರಿಗೆ ಮಂಡಕ್ಕಿ ತಿನಿಸಿ ಕಳಸ್ಲೇನು?”

“ಒಳಕಲ್ಲು ಸೀಳು ಬಿಟ್ಟೈತ್ರಿ.”

“ಎಲ್ಲಿ? ಬೆಳಿಗ್ಗೆ ನೋಡೇನಿ, ಛಲೋ ಐತಿ.”

“ಬಳ್ಳೊಳ್ಳಿ ತೀರ್ಯಾವ.”

“ತರ್ತೇನಿ.”

ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ಮೈಲವ್ವ ಅತಿಥಿಗಳು ಬರುತ್ತಾರೆಂದರೆ ಮುಖ ಸಣ್ಣದು ಮಾಡಿದವಳಲ್ಲ. ಇವತ್ತು ಯಾಕೆ ಮಾಡಿದಳು ಎಂದು ಬೇರೆಯವರಾಗಿದ್ದರೆ ಯೋಚಿಸುತ್ತಿದ್ದರು. ಮಾಲತೇಶಪ್ಪನವರು ಚೀಲದೊಳಗಿನ ತೇವ ಹೊರಗಿನಿಂದಲೇ ಹೇಳಬಲ್ಲವರು, ಹೆಂಡತಿಯ ಮುಖದ್ದು ಮಾತ್ರ ಅವರ ವ್ಯಾಪಾರದ ಬಾಬತ್ತಾಗಿರಲಿಲ್ಲ. ಅವರು ಬಳ್ಳೊಳ್ಳಿ ತರಲು ಹೊರಟರು.

ಭಾನುವಾರ ಹನ್ನೆರಡಕ್ಕೆ ಟೆಂಪೋ ಬಂತು. ಒಂಬತ್ತು ಜನ ಇಳಿದರು. ಎಲ್ಲರ ಕೊರಳಲ್ಲೂ ಬೆಳಿಗ್ಗೆ ತಾವೇ ಪೋಣಿಸಿದ ಏಲಕ್ಕಿ ಮಾಲೆ! ಒಬ್ಬರದು ಎಡಕ್ಕೆ ವಾಲಿತ್ತು, ಒಬ್ಬರದರಲ್ಲಿ ಏಲಕ್ಕಿಗಿಂತ ದಾರವೇ ಹೆಚ್ಚಿತ್ತು. ಆದರೂ ಒಂಬತ್ತೂ ಮದುಮಕ್ಕಳ ಗತ್ತಿನಲ್ಲಿ ಅಂಗಡಿಯೊಳಗೆ ಕಾಲಿಟ್ಟವು, ಕಾಲಿಟ್ಟ ಮರುಕ್ಷಣವೇ ಸೀನತೊಡಗಿದವು. ಮೊದಲು ಮುಂದಿನವರು, ಆಮೇಲೆ ನಡುವಿನವರು, ಆಮೇಲೆ ಬಾಗಿಲ ಬಳಿ ಫೋಟೋ ತೆಗೆಯುತ್ತಿದ್ದವರು. ಒಂದೊಂದು ಸೀನಿಗೂ ಮಾಲೆಯಿಂದ ನಾಲ್ಕು ಏಲಕ್ಕಿ ಹಾರಿ ಮೆಣಸಿನಕಾಯಿ ರಾಶಿಗೆ ಬೀಳುತ್ತಿದ್ದವು.

“ಸೀನ್ರಿ, ಸಂಕೋಚ ಮಾಡಬ್ಯಾಡ್ರಿ! ನಮ್ಮ ಪ್ಯಾಟ್ಯಾಗ ಇದ ಸ್ವಾಗತ!” ಎಂದರು ಮಾಲತೇಶಪ್ಪನವರು.

ಸೀನು ಇಳಿದ ಮೇಲೆ ಉಪನ್ಯಾಸ ಏರಿತು. ಕಾಯಿಯಲ್ಲಿ ಕಡ್ಡಿ ತಳಿ ಯಾವುದು, ಡಬ್ಬಿ ತಳಿ ಯಾವುದು, ಮೈ ಯಾಕೆ ಹೀಗೆ ಸುಕ್ಕುಗಟ್ಟಿದೆ, ಎಲ್ಲ ಹೇಳಿದರು. ಮೈಸೂರಿನಿಂದ ಬಂದಿದ್ದ ಶಾಲೆಯ ನಿವೃತ್ತ ಮೇಡಂ ಒಬ್ಬರು ಮೂಗಿಗೆ ಸೆರಗು ಹಿಡಿದುಕೊಂಡೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

“ಬರ್ಕೋರಿ ಮೇಡಂ. ನಮ್ಮ ಬ್ಯಾಡಗಿ ಕಾಯಿ ಅಂದ್ರ ಬಣ್ಣ ಹೆಚ್ಚು, ಖಾರ ಕಡಿಮಿ. ಬಾಯಿ ಸುಡಂಗಿಲ್ಲ. ಇವತ್ತು ನೀವು ಕುಟ್ಟೂದು ಕದರಮಂಡಲಗಿ ಕರಿಯವ್ವನ ಹೊಲದ್ದು. ಹದಿನಾಕು ವರ್ಷದಿಂದ ಆಕಿ ಬ್ಯಾರೆಯವರಿಗೆ ಕೊಟ್ಟಿಲ್ಲ, ನಾನೂ ಚೀಲ ಬಿಚ್ಚಿ ನೋಡಿಲ್ಲ. ಅಂಥಾ ನಂಬಿಕಿ!”

ಹಿತ್ತಲಿಗೆ ಮೆರವಣಿಗೆ ಹೋಯಿತು. ಒಂಬತ್ತು ಜನರೂ ಸರದಿಯಲ್ಲಿ ಕುಟ್ಟಿದರು, ಒಂಬತ್ತು ಜನರೂ ಬೆರಳು ಜಜ್ಜಿಕೊಂಡರು. ಕೊನೆಗೆ ಒಳಕಲ್ಲಿನಲ್ಲಿ ಏನು ಬಣ್ಣ! ಹೊಸ ಸೀರೆಯ ಸೆರಗನ್ನು ಅದ್ದಿ ತೆಗೆದಂತಿತ್ತು. ಎಲ್ಲರೂ ರೊಟ್ಟಿಯ ಚೂರಿಗೆ ಹಚ್ಚಿ ತಿಂದರು. “ಆಹಾ! ಎಷ್ಟು ಹಿತವಾಗಿದೆ!” ಎಂದರು ಮೇಡಂ.

ಇನ್ನು ತೀರ್ಪು. ಮಾಲತೇಶಪ್ಪನವರು ಬಾಯಿ ಮುಕ್ಕಳಿಸಿ ಬಂದರು. ಬೆರಳ ತುದಿಯಲ್ಲಿ ಖಾರ ತೆಗೆದು ನಾಲಿಗೆಗಿಟ್ಟು ಕಣ್ಣು ಮುಚ್ಚಿದರು.

ಮುಚ್ಚಿದ ಕಣ್ಣು ತಕ್ಷಣ ತೆರೆಯಿತು. ಮತ್ತೊಮ್ಮೆ ನೆಕ್ಕಿದರು.

“ಸಪ್ಪಗೈತಿ.”

ಉಪ್ಪು ಹಾಕಿಸಿದರು. ಸಪ್ಪಗೇ ಇತ್ತು. ಬಳ್ಳೊಳ್ಳಿ ಹಾಕಿಸಿದರು. ಸಪ್ಪಗೇ ಇತ್ತು. ಇನ್ನೊಂದು ಸುತ್ತು ಕುಟ್ಟಿಸಿದರು. ಒಂಬತ್ತು ಜನರ ತೋಳು ಸೋತವೇ ಹೊರತು ರುಚಿ ಮೇಲೇಳಲಿಲ್ಲ. ಮಾಲತೇಶಪ್ಪನವರ ಮುಖ ಕಪ್ಪಿಟ್ಟಿತು.

“ಇದು ಬ್ಯಾಡಗಿ ಕಾಯಿನ ಅಲ್ಲ! ಕರಿಯವ್ವ ನನಗ ಮೋಸ ಮಾಡ್ಯಾಳ!”

“ಏನಂತೀರಿ?” ಎಂದು ಮೈಲವ್ವ ಮೊಗಚುವ ಕೈ ಹಾಗೇ ಹಿಡಿದುಕೊಂಡು ಅಡುಗೆಮನೆಯಿಂದ ಓಡಿ ಬಂದಳು.

“ನಾಲಿಗಿ ಸುಳ್ಳು ಹೇಳತೈತೇನು? ತಡೀರಿ, ಅಸಲಿ ಬ್ಯಾಡಗಿ ಖಾರ ಹೆಂಗಿರತೈತಿ ಅಂತ ತೋರಸ್ತೇನಿ!” ಎಂದವರೇ ಅಡುಗೆಮನೆಗೆ ನುಗ್ಗಿ, ತಾವು ದಿನಾ ಎರಡು ಹೊತ್ತು ತಿನ್ನುವ ಖಾರದ ಭರಣಿಯನ್ನೇ ಎತ್ತಿ ತಂದರು. ಮೈಲವ್ವ “ಅದು ಬ್ಯಾಡ್ರಿ, ಅದು ಬ್ಯಾಡ್ರಿ!” ಎನ್ನುತ್ತಾ ಹಿಂದೆಯೇ ಬಂದಳು. ಅಷ್ಟರಲ್ಲಿ ಮೇಡಂ ಬೆರಳ ತುಂಬ ತೆಗೆದು ಬಾಯಿಗಿಟ್ಟುಕೊಂಡಾಗಿತ್ತು.

ಮೊದಲು ಏನೂ ಆಗಲಿಲ್ಲ. ಆಮೇಲೆ ಮೇಡಂ ಕನ್ನಡಕ ತೆಗೆದರು. ಆಮೇಲೆ ಎದ್ದು ನಿಂತರು. ಆಮೇಲೆ ಬಿಕ್ಕಳಿಕೆ ಶುರುವಾಯಿತು, ಪ್ರತಿ ಬಿಕ್ಕಳಿಕೆಗೂ ಕೊರಳ ಮಾಲೆ ಒಂದೊಂದು ಗೇಣು ಹಾರುತ್ತಿತ್ತು. ಅಫ್ರೀನ್ ಸಕ್ಕರೆ ತಂದಳು, ಮೈಲವ್ವ ಮಜ್ಜಿಗೆ ತಂದಳು, ಒಬ್ಬರು ನೋಟ್‌ಬುಕ್ಕಿನಿಂದಲೇ ಗಾಳಿ ಹಾಕಿದರು.

ಮಾಲತೇಶಪ್ಪನವರು ವಿಜಯದ ನಗೆ ಬೀರಿದರು. “ನೋಡ್ರಿ! ಇದು, ಇದು ಬ್ಯಾಡಗಿ!”

“ಅಲ್ಲಾ... ಹಿಕ್... ಸಾರ್,” ಮೇಡಂ ನೋಟ್‌ಬುಕ್ ಕಸಿದುಕೊಂಡು ಬೆರಳಿಟ್ಟು ತೋರಿಸಿದರು. “ಬಣ್ಣ ಹೆಚ್ಚು, ಖಾರ ಕಮ್ಮಿ, ಬಾಯಿ ಸುಡಲ್ಲ ಅಂತ ನೀವೇ... ಹಿಕ್... ಬರೆಸಿದೀರಲ್ಲ!”

ಒಂಬತ್ತು ತಲೆಗಳೂ ಮಾಲತೇಶಪ್ಪನವರ ಕಡೆ ತಿರುಗಿದವು.

ವಿಚಾರ ಏನೆಂದರೆ, ಮಾಲತೇಶಪ್ಪನವರು ಅಂಗಡಿಯ ಮಾತನ್ನು ಅಂಗಡಿಯಲ್ಲಿ ಆಡುತ್ತಿದ್ದರು, ಮನೆಯ ಊಟವನ್ನು ಮನೆಯಲ್ಲಿ ಮಾಡುತ್ತಿದ್ದರು. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವ ಪ್ರಸಂಗ ಇಪ್ಪತ್ಮೂರು ವರ್ಷದಲ್ಲಿ ಇದೇ ಮೊದಲು ಬಂದದ್ದು. ತಕ್ಕಡಿ ಯಾವ ಕಡೆ ವಾಲಿತೆಂದು ಅವರಿಗೆ ತಿಳಿಯಲಿಲ್ಲ. ತಿಳಿಯದಾದಾಗ ದೊಡ್ಡವರು ಮಾಡುವುದನ್ನೇ ಅವರೂ ಮಾಡಿದರು: ಸಿಟ್ಟು! ಫೋನ್ ತೆಗೆದು ಕರಿಯವ್ವನಿಗೆ ಹಚ್ಚಿದರು.

“ಹೇಳ್ರಿ ಯಜಮಾನ್ರ,” ಎಂದು ಫೋನಿನಿಂದ ದನಿ ಬಂತು. “ಐತವಾರ ಫೋನ್ ಮಾಡೀರಿ, ಎಲ್ಲಾ ಆರಾಮ?”

“ಕರಿಯವ್ವಾ! ನಿನ್ನ ಚೀಲದಾಗ...”

ಮುಂದಿನ ಮಾತು ಬರುವ ಮೊದಲೇ ಮೈಲವ್ವ ಫೋನ್ ಕಸಿದುಕೊಂಡಳು. “ಕರಿಯವ್ವಾ, ನಾ ಮೈಲವ್ವ. ಏನಿಲ್ಲವಾ, ಊಟ ಆತೇನು ಅಂತ ಕೇಳಾಕ ಹಚ್ಚಿದ್ರು. ಆತಾ? ಛಲೋ ಆತು. ಇಡ್ತೇನಿ.”

ಫೋನ್ ಇಟ್ಟಳು. ಗಂಡನ ಮುಖ ನೋಡಲಿಲ್ಲ. ಒಳಗೆ ಹೋಗಿ, ಜೋಳದ ಡಬ್ಬಿಯ ಹಿಂದಿನಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದು ಒಳಕಲ್ಲಿನ ಪಕ್ಕದಲ್ಲಿಟ್ಟು ಮುಚ್ಚಳ ತೆಗೆದಳು. ಒಳಗೆ ನುಣುಪು ಮೈಯ, ಸಣ್ಣ, ಗಟ್ಟಿ ಕಾಯಿ. ಬ್ಯಾಡಗಿಯಲ್ಲಿ ಹುಟ್ಟಿದ ಕೂಸೂ ಗುರುತು ಹಿಡಿಯುತ್ತದೆ, ಬಾಯಿ ಸುಡುವ ಗುಂಟೂರಿನದು!

“ಆ ಹೆಣ್ಮಗಳ ತಪ್ಪೇನೂ ಇಲ್ಲ. ಆಕಿ ಕಾಯಿ ಖರೇನ ಬ್ಯಾಡಗಿದು. ನೀವು ದಿನಾ ತಿಂದದ್ದು ಇದನ್ನ ಕೂಡಿಸಿದ್ದು.”

“ಎಂದಿಂದ?” ಮಾಲತೇಶಪ್ಪನವರ ದನಿ ಕಾಯಿಯ ತೊಟ್ಟಿನಷ್ಟಾಗಿತ್ತು.

“ಮದುವಿ ಆಗಿ ಐದನೇ ದಿನದಿಂದ. ನಾಕನೇ ದಿನ ನಿಮ್ಮ ಅಂಗಡಿ ಕಾಯಿನ ಕುಟ್ಟಿ ಬಡಿಸಿದೆ. ‘ಇದೇನು ಖಾರೋ ಕುಂಕುಮೋ’ ಅಂತ ಗಂಗಾಳ ಸರಿಸಿದ್ರಿ. ನನ್ನ ಕೈಯಾಗ ರುಚಿ ಇಲ್ಲ ಅಂದ್ರಿ. ಮದುವಿಗಿಂತ ಮೊದಲ ಖಾನಾವಳಿಯೊಳಗ ಉಂಡು ಬೆಳದ ನಾಲಿಗಿ ನಿಮ್ದು, ನನಗೇನು ಗೊತ್ತಿತ್ತು? ಮರುದಿನ ಅಕ್ಕನ ಕಡೆಯಿಂದ ನಾಕು ಗುಂಟೂರ ಕಾಯಿ ತರಿಸಿ ಕೂಡಿಸಿದೆ. ಎರಡು ರೊಟ್ಟಿ ಹೆಚ್ಚಿಗಿ ತಿಂದ್ರಿ. ತಿಂದು, ‘ನೋಡು ನನ್ನ ಕಾಯಿ ಗುಣ’ ಅಂದ್ರಿ. ಅವತ್ತಿನ ನಿಮ್ಮ ಮುಖ ನೋಡಿ ನನಗ ಖರೇ ಹೇಳಾಕ ಆಗಲಿಲ್ಲ.”

ಮೇಡಂ ಬಿಕ್ಕಳಿಕೆಯನ್ನು ಕೈಯಿಂದ ಒತ್ತಿ ಹಿಡಿದು ಕೇಳುತ್ತಿದ್ದರು.

“ಮತ್ತ ಇಲ್ಲಿ ಯಾವ ಅಂಗಡ್ಯಾಗ...”

“ಇಲ್ಲಿ ಕೊಂಡ್ರ ಊರೆಲ್ಲಾ ನಗತಿತ್ತಲ್ರಿ, ನಾಲಿಗಿ ಮಾಲತೇಶಪ್ಪನ ಮನಿಗೆ ಗುಂಟೂರ ಕಾಯಿ ಹೊಂಟೈತಿ ಅಂತ. ಅದಕ್ಕ ತಿಂಗಳಿಗೊಮ್ಮೆ ರಾಣೆಬೆನ್ನೂರಿಗೆ ಹೊಕ್ಕಿದ್ದೆ.”

“ಅಕ್ಕನ ಮನಿಗೆ ಅಂತಿದ್ದಿ!”

“ಅಕ್ಕ ಹರಿಹರಕ್ಕ ಹೋಗಿ ಆರು ವರ್ಷ ಆತು.”

ಆರು ವರ್ಷ! ತಿಂಗಳಿಗೊಮ್ಮೆ ಬಸ್ಸಿನಿಂದ ಇಳಿದು ಬಂದ ಹೆಂಡತಿಯನ್ನು ಮಾಲತೇಶಪ್ಪನವರು “ಅಕ್ಕ ಆರಾಮ ಅದಾಳ?” ಎಂದು ತಪ್ಪದೇ ಕೇಳಿದ್ದರು. ಅವಳು ಚೀಲವನ್ನು ಸೆರಗಿನಲ್ಲಿ ಮರೆಮಾಡಿಕೊಂಡು “ಅದಾಳ” ಎಂದಿದ್ದಳು. ಹರಿಹರದಲ್ಲಿ ಅಕ್ಕ ಆರಾಮಾಗಿಯೇ ಇದ್ದದ್ದರಿಂದ ಅದನ್ನು ಸುಳ್ಳೆನ್ನುವಂತೆಯೂ ಇರಲಿಲ್ಲ.

ಮಾಲತೇಶಪ್ಪನವರು ಒಂದು ಸ್ಟೂಲು ಎತ್ತಿಕೊಂಡು ಅಂಗಡಿಯ ಮುಂದೆ ನಡೆದರು. ಒಂಬತ್ತು ಮಾಲೆಗಳೂ ಹಿಂಬಾಲಿಸಿದವು. ಅವರು ಸ್ಟೂಲು ಹತ್ತಿ ಬೋರ್ಡಿಗೆ ಕೈ ಹಾಕಿದರು.

“ಇಳೀರಿ ಕೆಳಗ,” ಎಂದಳು ಮೈಲವ್ವ.

“ಮಾತಂದ್ರ ಮಾತು. ನಾಲಿಗಿ ತಪ್ಪೇತಿ.”

“ಎಲ್ಲಿ ತಪ್ಪೇತಿ? ನಾ ಕಲಿಸಿದ್ದನ್ನ ಅದು ಕಲತೈತಿ. ಇವತ್ತು ಆ ನಾಕು ಕಾಯಿ ಇಲ್ಲ ಅಂತ ಒಂದ ಬೆರಳು ನೆಕ್ಕೂದರಾಗ ಗೊತ್ತಾಗಲಿಲ್ಲೇನು? ಇಪ್ಪತ್ಮೂರು ವರ್ಷದಾಗ ನನ್ನ ಕೈ ಖಾರದ ಗುರುತು ಇಷ್ಟು ಹಿಡದದ್ದು ಆ ನಾಲಿಗಿ ಒಂದ. ಇಳೀರಿ, ಬಿದ್ದೀರಿ.”

ಮಾಲತೇಶಪ್ಪನವರು ಇಳಿದರು. ಇಳಿಯುವಾಗ ಹೆಂಡತಿಯ ಭುಜದ ಮೇಲೆ ಕೈಯಿಟ್ಟು ಇಳಿದರು. ಅದು ಸ್ಟೂಲು ಅಲುಗಾಡುತ್ತಿತ್ತೆಂದೋ ಬೇರೇನಕ್ಕೋ, ಅವರಿಗೇ ಗೊತ್ತು. ಇಳಿದ ಮೇಲೂ ಕೈ ಅಲ್ಲೇ ಇದ್ದದ್ದನ್ನು ಮಾತ್ರ ಒಂಬತ್ತು ಜನ ನೋಡಿದರು.

ಆಮೇಲೆ ಕರಿಯವ್ವನಿಗೆ ಅವರೇ ಮತ್ತೆ ಫೋನ್ ಹಚ್ಚಿ, “ನಿನ್ನ ಕಾಯಿ ಬಂಗಾರ ಐತವಾ,” ಎಂದರು. ಒಂದೇ ಮಧ್ಯಾಹ್ನ ಯಜಮಾನರು ಎರಡು ಸಲ ಫೋನ್ ಮಾಡಿ ಕ್ಷೇಮ ವಿಚಾರಿಸಿದ್ದಕ್ಕೆ ಕರಿಯವ್ವ ಗಾಬರಿಯಾಗಿ, “ನಿಮ್ಗ ಮೈಯಾಗ ಆರಾಮ ಇಲ್ಲೇನ್ರಿ?” ಎಂದಳು.

ಮೇಡಂ ತಮ್ಮ ನೋಟ್‌ಬುಕ್ಕಿನಲ್ಲಿ ಮಾಲತೇಶಪ್ಪನವರ ಎರಡು ಪುಟದ ಉಪನ್ಯಾಸಕ್ಕೆ ಗೆರೆ ಹೊಡೆದು, ಮೈಲವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಬ್ಯಾಡಗಿ ಎಷ್ಟು, ಗುಂಟೂರು ಎಷ್ಟು’ ಎಂದು ಹೊಸದಾಗಿ ಬರೆದುಕೊಂಡರು. ಅಫ್ರೀನ್ ಟೆಂಪೋ ಹತ್ತುವಾಗ ಅಂದಳು: “ಕಾಕಿ, ಮುಂದಿನ ಐತವಾರ ಹದಿನೈದು ಮಂದಿ ಬರ್ತಾರ. ಪಾಠ ನೀವ ಮಾಡ್ಬೇಕು. ಕಾಕಾ, ನೀವು ಬಳ್ಳೊಳ್ಳಿ ಸುಲೀರಿ.”

ಮರುವಾರ ರಾಣೆಬೆನ್ನೂರಿನ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದರು. ಚೀಲ ಮಾಲತೇಶಪ್ಪನವರ ತೊಡೆಯ ಮೇಲೆ, ಎಲ್ಲರಿಗೂ ಕಾಣುವಂತೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಸಣ್ಣ ಕಿರಾಣಿ ಅಂಗಡಿಯಲ್ಲಿ ಮುಸ್ತಾಕ್ ಎಂಬಾತ ಮೈಲವ್ವನನ್ನು ಕಂಡವನೇ ಎದ್ದು ನಿಂತ.

“ಬರ್ರಿ ಅಕ್ಕಾರ! ಅರೆ, ಇವತ್ತ ಯಜಮಾನ್ರನ್ನೂ ಕರ್ಕೊಂಡು ಬಂದೀರಿ! ಕುಂದ್ರಿ ಸಾಹೇಬ್ರ, ಕುಂದ್ರಿ.” ಆಮೇಲೆ ದನಿ ತಗ್ಗಿಸಿ, ರೋಗಿಯ ಮಂಚದ ಬಳಿ ಬಂದವರ ಮುಖ ಮಾಡಿ ಕೇಳಿದ: “ನಾಲಿಗಿ ಈಗ ಹೆಂಗೈತ್ರಿ?”

ಮಾಲತೇಶಪ್ಪನವರು ಹೆಂಡತಿಯ ಕಡೆ ತಿರುಗಿದರು. ಮೈಲವ್ವ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

“ಅಕ್ಕಾರು ಎಲ್ಲಾ ಹೇಳ್ಯಾರ್ರಿ,” ಎಂದ ಮುಸ್ತಾಕ್. “ಬ್ಯಾಡಗಿಯವರು ನೀವು, ಗುಂಟೂರ ಕಾಯಿ ಯಾಕ ಒಯ್ತೀರಿ ಅಂತ ನಾನ ಒಮ್ಮೆ ಕೇಳಿದ್ದೆ. ಜ್ವರ ಬಂದು ಯಜಮಾನ್ರ ನಾಲಿಗಿ ರುಚಿ ಹೋಗೇತಿ, ಎಷ್ಟು ಖಾರ ಹಾಕಿದ್ರೂ ತಿಳಿಯಂಗಿಲ್ಲ ಅಂದ್ರು. ಪಾಪ! ನಮ್ಮ ಮನ್ಯಾಕಿ ದಿಲನಾಜ ದರ್ಗಾಕ್ಕ ಹೋದಾಗೆಲ್ಲಾ ನಿಮ್ಮ ನಾಲಿಗಿ ಸಲುವಾಗಿ ದುವಾ ಮಾಡ್ತಾಳ್ರಿ.”

ಇಡೀ ಬ್ಯಾಡಗಿ ಪೇಟೆ ಹೆದರುವ ನಾಲಿಗೆಗೆ ಇಲ್ಲಿ ರಾಣೆಬೆನ್ನೂರಿನಲ್ಲಿ ವರ್ಷಗಟ್ಟಲೆ ಪ್ರಾರ್ಥನೆ ನಡೆದಿತ್ತು! ಮಾಲತೇಶಪ್ಪನವರು ತಮ್ಮ ಚಪ್ಪಲಿ ನೋಡಿಕೊಂಡರು.

“ತಂಗೀಗೆ ದುವಾ ಮುಟ್ಟೇತಿ ಅಂತ ಹೇಳ್ರಿ, ಮುಸ್ತಾಕ್ ಭಾಯ್. ಹ್ವಾದ ಐತವಾರ ಮೊದಲನೇ ಸಲ ರುಚಿ ತಿಳೀತು.”

ಮುಸ್ತಾಕನ ಮುಖ ಅರಳಿತು. “ಹಂಗಾದ್ರ ಇನ್ನ ಈ ಕಾಯಿ ಬೇಕಾಗಂಗಿಲ್ಲ ಅನ್ರಿ!”

ಮೈಲವ್ವ ಕ್ಯಾಲೆಂಡರಿನಿಂದ ಕಣ್ಣು ತೆಗೆಯಲಿಲ್ಲ.

“ಈಗಷ್ಟ ಗುಣ ಆಗಾಕತ್ತೈತಿ, ಭಾಯ್,” ಎಂದರು ಮಾಲತೇಶಪ್ಪನವರು. “ ಎಂದಿನಷ್ಟ ಕಟ್ಟಿಬಿಡ್ರಿ.”