ಬೆಕ್ಕಿನ ಮರಿಯ ಮಾರುಕಟ್ಟೆ ಬೆಲೆ ಕೇಳಿದ ಅಧಿಕಾರಿಗಳಿಗೆ

ಸರ್ಕಾರಿ ನೌಕರರ ನಡತೆ ನಿಯಮಗಳ ಪಾಲನಾಧಿಕಾರಿಗಳಾದ ಮಾನ್ಯರೇ,

ತಮಗೂ ತಮ್ಮ ಮನೆಯವರಿಗೂ ನನ್ನ ಗೌರವಪೂರ್ವಕ ವಂದನೆಗಳು. ವಂದನೆಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲವಾದ್ದರಿಂದ ಇದನ್ನು ತಾವು ಉಡುಗೊರೆಯೆಂದು ಭಾವಿಸದೆ ನಿಶ್ಚಿಂತೆಯಿಂದ ಸ್ವೀಕರಿಸಬಹುದು. ನಾನು ಈ ನಗರದ ಪಶುವೈದ್ಯೆ. ದನಗಳಿಗೆ ಚಿಕಿತ್ಸೆ ಕೊಡುವುದು, ಊರಿಗೆ ಬರುವ ಹಾಲನ್ನು ಪರೀಕ್ಷಿಸುವುದು ನನ್ನ ಕೆಲಸ. ಕೆಲಸವಾಗಿತ್ತು ಎಂದು ಬರೆಯಬೇಕಿತ್ತು. ತಾವು ನನ್ನನ್ನು ಅಮಾನತಿನಲ್ಲಿಟ್ಟಿರುವುದು ಆಗಾಗ ಮರೆತುಹೋಗುತ್ತದೆ.

ರೈಲು ಹಳಿಯ ಹಿಂದಿನ ಗಲ್ಲಿಯಲ್ಲಿ ಒಂದೇ ಹಸುವನ್ನು ನಂಬಿ ಬದುಕುವ ಮುದುಕಿಯೊಬ್ಬರಿದ್ದಾರೆ. ಗಲ್ಲಿಯವರೆಲ್ಲ ಅವರನ್ನು ಹಾಲಜ್ಜಿ ಎನ್ನುತ್ತಾರೆ. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿ ನಿಂತಾಗ ನಾನು ಹೋಗಿ, ಭುಜದವರೆಗೆ ಕೈ ಹಾಕಿ, ಹರಸಾಹಸಪಟ್ಟು ಅದನ್ನು ಹೊರತೆಗೆದೆ. ತಾಯಿ, ಕರು ಎರಡೂ ಉಳಿದವು. ಅಜ್ಜಿ ಕೊಡಲು ಬಂದದ್ದನ್ನೆಲ್ಲ ತಮ್ಮ ನಿಯಮಗಳ ಹೆಸರು ಹೇಳಿ ನಿರಾಕರಿಸಿ ಕಚೇರಿಗೆ ಬಂದು ಚೀಲ ತೆರೆದರೆ, ಒಳಗೆ ಬಿಳಿ ಕಾಲಿನ ಬೆಕ್ಕಿನ ಮರಿಯೊಂದು ನನ್ನ ಕೈಗವಸುಗಳ ಮೇಲೆ ಗಡದ್ದಾಗಿ ನಿದ್ದೆ ಹೊಡೆಯುತ್ತಿತ್ತು. ಹಿಂದಿರುಗಿಸಲು ಹೋದೆ. "ಕೊಟ್ಟ ಮಗಳನ್ನ ಯಾರಾದ್ರೂ ವಾಪಸ್ ಕಳಿಸ್ತಾರೇನಮ್ಮ? ನಿನ್ ಹತ್ರಾನೇ ಇರ್ಲಿ" ಎಂದು ಅಜ್ಜಿ ಬಾಗಿಲು ಮುಂದೆ ಮಾಡಿಕೊಂಡರು. ವಿಧೇಯಳಾದ ನಾನು ವಿಷಯವನ್ನು ತಮ್ಮ ಕಚೇರಿಗೆ ವರದಿ ಮಾಡಿದೆ.

ತಮ್ಮ ದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಮರಿಯ ಮಾರುಕಟ್ಟೆ ಬೆಲೆ ಎಷ್ಟು, ಖರೀದಿಯ ರಸೀದಿ ಎಲ್ಲಿ, ಮುಂದೆ ಅದಕ್ಕೆ ಮರಿಗಳಾದರೆ ಅವನ್ನು ಬಡ್ಡಿಯೆಂದು ಪರಿಗಣಿಸಬೇಕೇ ಎಂದೆಲ್ಲ ವಿಚಾರಿಸಿ, ತೀರ್ಮಾನವಾಗುವವರೆಗೆ ಅದನ್ನು ಉಡುಗೊರೆಗಳ ಉಗ್ರಾಣದಲ್ಲಿ ಇರಿಸಲು ಅಪ್ಪಣೆ ಕೊಡಿಸಿದಿರಿ. ಗೋಡೆ ಗಡಿಯಾರ, ಹೂದಾನಿಗಳ ನಡುವೆ ಅದು ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಕೂತಿತು. ಉಗ್ರಾಣದ ಗುಮಾಸ್ತರು ಕನಿಕರಪಟ್ಟು ಸ್ವಂತ ಊಟದ ಡಬ್ಬಿಯಿಂದ ತುತ್ತು ಹಾಕಿದ್ದಕ್ಕೆ, ಸರ್ಕಾರಿ ವಶದಲ್ಲಿರುವ ವಸ್ತುವಿನ ತೂಕ ಹೆಚ್ಚಿಸಿದ್ದೇಕೆಂದು ಅವರಿಂದ ವಿವರಣೆ ಕೇಳಲಾಯಿತು. ಕೊನೆಗೆ ಮರಿಯೇ ಬೇಸತ್ತು ಕಿಟಕಿಯಿಂದ ಹಾರಿ ಅವರ ಮನೆ ಸೇರಿತು. ಅವರ ಮಡದಿಯ ಮಡಿಲಲ್ಲಿ ಅದು ಸುಖವಾಗಿದೆ. ತಮ್ಮ ಕಡತದಲ್ಲಿ ಮಾತ್ರ ಇನ್ನೂ ಕಾಣೆಯಾಗಿದೆ.

ಇದೇ ಸಮಯದಲ್ಲಿ ನನ್ನಿಂದೊಂದು ಅಚಾತುರ್ಯವಾಯಿತು. ಶಾಲೆಗಳಿಗೆ ಹಾಲು ಪೂರೈಸುವ ದೊಡ್ಡ ಡೇರಿಯ ಹಾಲನ್ನು ಪರೀಕ್ಷಿಸಿದಾಗ, ಹಸುಗಳ ಕೆಚ್ಚಲು ಬಾವು ರೋಗಕ್ಕೆ ಕೊಡುವ ಔಷಧಿಯ ಅಂಶ ಅದರಲ್ಲಿ ಮಿತಿಮೀರಿ ಕಂಡಿತು. ಮಕ್ಕಳಿಗೆ ಕೊಡಕೂಡದೆಂದು ತಡೆಯಾಜ್ಞೆ ಹೊರಡಿಸಿಬಿಟ್ಟೆ. ಡೇರಿಯ ಮಾಲೀಕರು ಸಭ್ಯರು. ಯಾರ ಚೀಲಕ್ಕೂ ಬೆಕ್ಕು ತುಂಬಲಿಲ್ಲ. ಆಳುವ ಪಕ್ಷದ ಹೊಸ ಕಟ್ಟಡಕ್ಕೆ ದೇಣಿಗೆ ಕೊಟ್ಟರು. ದೇಣಿಗೆ ಮಿಯಾಂವ್ ಎನ್ನುವುದಿಲ್ಲವಾದ್ದರಿಂದ ಅದು ಉಡುಗೊರೆಯಲ್ಲ. ಡೇರಿಯ ಪರ ಪ್ರಭಾವ ಬೀರಲು ಒಬ್ಬ ಸಲಹೆಗಾರರನ್ನು ನೇಮಿಸಿಕೊಂಡು, ನಿಯಮದಂತೆ ತಮ್ಮ ಕಚೇರಿಯಲ್ಲಿ ಅವರ ಹೆಸರು ನೋಂದಾಯಿಸಿದರು. ಅವರು ತಾವೀಗ ಕೂತಿರುವ ಕುರ್ಚಿಯಲ್ಲಿ ಹಿಂದೆ ಕೂತಿದ್ದವರೇ ಆಗಿದ್ದರಿಂದ ಯಾರನ್ನೂ ದಾರಿ ಕೇಳುವ ಕಷ್ಟವಿರಲಿಲ್ಲ. ಹಾಲಿನ ಗುಣಮಟ್ಟ ಸಮಿತಿಯವರನ್ನು ಅಧ್ಯಯನಕ್ಕೆಂದು ಸಮುದ್ರದ ದಂಡೆಯ ಹೋಟೆಲಿಗೆ ಕರೆದೊಯ್ದರು; ಅಲ್ಲಿ ಒಂದೂ ಹಸು ಇರಲಿಲ್ಲವಾದರೂ ಅಧ್ಯಯನ ಗಾಢವಾಗಿ ನಡೆಯಿತಂತೆ. ಅವರು ಮರಳಿದ ಮೇಲೆ ಔಷಧಿಯ ಮಿತಿಯನ್ನೇ ಏರಿಸಲಾಯಿತು. ಬೆಳಿಗ್ಗೆ ಕುಡಿಯಬಾರದ್ದಾಗಿದ್ದ ಹಾಲು ಸಂಜೆಯ ಹೊತ್ತಿಗೆ, ಯಾವ ಹಸುವಿಗೂ ಗೊತ್ತಾಗದಂತೆ, ಶುದ್ಧವಾಯಿತು.

ಹಳೆಯ ತಡೆಯಾಜ್ಞೆಯ ಕಲೆಯೂ ಉಳಿಯಬಾರದೆಂದು ಮಾಲೀಕರು ಆಮೇಲೆ ನನ್ನ ಮೇಲೆ ದೂರು ಕೊಟ್ಟರು. ಹಾಲಜ್ಜಿಯೂ ಹಾಲು ಮಾರುವವರು, ಆದ್ದರಿಂದ ಡೇರಿಯ ಪ್ರತಿಸ್ಪರ್ಧಿ. ಪ್ರತಿಸ್ಪರ್ಧಿಯಿಂದ ಬೆಕ್ಕು ಪಡೆದ ವೈದ್ಯೆಯ ಆಜ್ಞೆ ಪಕ್ಷಪಾತದ್ದು ಎಂಬುದು ಅವರ ವಾದ. ಸಾವಿರಾರು ಹಸುಗಳ ಕೊಟ್ಟಿಗೆ ಒಂದೇ ಹಸುವಿಗೆ ಹೆದರಿ ಗಡಗಡ ನಡುಗುತ್ತಿರುವುದನ್ನು ತಾವು ಕೂಡಲೇ ಮನಗಂಡಿರಿ.

ವಿಚಾರಣೆಯ ದಿನ ಅಜ್ಜಿ ಇದ್ದುದರಲ್ಲೇ ಒಳ್ಳೆಯ ಬಟ್ಟೆ ಉಟ್ಟು ತಮ್ಮ ಮೇಜಿನ ಮುಂದೆ ನಿಂತಿದ್ದರು. ಯಾವ ಲಾಭ ನಿರೀಕ್ಷಿಸಿ ಮರಿಯನ್ನು ಕೊಟ್ಟಿರಿ ಎಂದು ತಾವು ಕೇಳಿದಿರಿ. ಅವರು ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದರು. "ಲಾಭ ಆಗ್ಲೇ ಆಗಿತ್ತಲ್ಲಪ್ಪ, ಕರು ಎದ್ದು ನಿಂತಿತ್ತು. ಬರಿಗೈಲಿ ಕಳಿಸೋಕೆ ಮನಸ್ಸಾಗ್ಲಿಲ್ಲ, ಅಷ್ಟೇ" ಎಂದರು. ಅದನ್ನು ತಾವು ತಪ್ಪೊಪ್ಪಿಗೆ ಎಂದು ಬರೆಸಿ, ನನ್ನ ಆಜ್ಞೆಯನ್ನು ರದ್ದುಪಡಿಸಿ, ನನ್ನನ್ನು ಮನೆಗೆ ಕಳಿಸಿ, ಅಜ್ಜಿಯ ಹಾಲು ಮಾರುವ ಪರವಾನಗಿಯನ್ನು ತಡೆಹಿಡಿದಿರಿ. ಮೆಟ್ಟಿಲಿಳಿಯುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡು, ನನ್ನಿಂದ ನಿನಗೆ ತೊಂದರೆಯಾಯಿತಲ್ಲ ಎಂದು ಅತ್ತರು.

ಡೇರಿಯ ಹಾಲು ಮತ್ತೆ ಶಾಲೆಗೆ ಬಂದ ವಾರದಲ್ಲೇ, ಆ ಔಷಧಿ ಒಗ್ಗದ ಹುಡುಗಿಯೊಬ್ಬಳು ಅದನ್ನು ಕುಡಿದು, ತುಟಿ ಊದಿ, ಉಸಿರು ಸಿಕ್ಕಿಕೊಂಡು ಆಸ್ಪತ್ರೆ ಸೇರಿದಳು. ಸದ್ಯ, ಬದುಕಿಕೊಂಡಳು. ಬಸ್ಸಿನ ನಿರ್ವಾಹಕಿಯಾದ ಅವಳ ತಾಯಿ ಸಮವಸ್ತ್ರದಲ್ಲೇ ನನ್ನ ಮನೆಗೆ ಬಂದು, ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರು. ನಾನು ಸುಮ್ಮನಿರಲಿಲ್ಲ, ನನ್ನನ್ನು ಸುಮ್ಮನಾಗಿಸಿದರು ಎನ್ನಲು ಹೋದವಳು ಅವರ ಮುಖ ನೋಡಿ, ಒಳಗಿನಿಂದ ಹಾಲಿನ ಪರೀಕ್ಷೆಯ ವರದಿ ತಂದು ಅವರ ಕೈಗಿಟ್ಟೆ. ಮರುದಿನದಿಂದ ನಾವಿಬ್ಬರೂ ಶಾಲೆಯ ಗೇಟಿನ ಬಳಿ ನಿಂತು, ಬಂದ ಬಂದ ತಂದೆತಾಯಂದಿರಿಗೆ ಹಾಲಿನ ಪರೀಕ್ಷೆಯ ಫಲಿತಾಂಶ ಹೇಳತೊಡಗಿದೆವು. ಈಗ ಹಾಲಿನ ಕ್ಯಾನುಗಳು ಬಂದ ಹಾಗೆಯೇ ವಾಪಸಾಗುತ್ತಿವೆ. ನೋಂದಣಿಯಿಲ್ಲದೆ ಜನಾಭಿಪ್ರಾಯ ರೂಪಿಸಿದ್ದಕ್ಕೆ ನನಗೆ ತಮ್ಮ ಇನ್ನೊಂದು ನೋಟಿಸು ಬಂದಿದೆ, ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಹಸುಗಳು ಕರು ಹಾಕುವ ಮುನ್ನ ತಮ್ಮ ಅನುಮತಿ ಪಡೆಯುವಂತೆಯೂ, ಮುದುಕಿಯರಿಗೆ ಕೃತಜ್ಞತೆ ಉಕ್ಕಿಬಂದಾಗ ಅದನ್ನು ಪಕ್ಷದ ಕಟ್ಟಡ ನಿಧಿಗೆ ಜಮಾ ಮಾಡುವಂತೆಯೂ, ಮಕ್ಕಳ ಗಂಟಲುಗಳು ಹೊಸ ಮಿತಿಯನ್ನು ಓದಿಕೊಂಡು ಅದರಂತೆ ನಡೆದುಕೊಳ್ಳುವಂತೆಯೂ ಸುತ್ತೋಲೆ ಹೊರಡಿಸಬೇಕು. ಅಜ್ಜಿಯ ಪರವಾನಗಿಯನ್ನು ಹಿಂದಿರುಗಿಸಬೇಕು. ಈ ಕೊನೆಯದು ತಮಾಷೆಯಲ್ಲ.

ಇಂತು, ಇಷ್ಟಾದ ಮೇಲೂ
ತಮ್ಮ ವಿಶ್ವಾಸಿ,
ಅಮಾನತಾದ ಪಶುವೈದ್ಯೆ

ವಿ.ಸೂ.: ಇಂದು ಬೆಳಿಗ್ಗೆ ತಮ್ಮ ಶ್ರೀಮತಿಯವರು ಫೋನ್ ಮಾಡಿದ್ದರು. ತಮ್ಮ ಮನೆಗೆ ಇಷ್ಟು ವರ್ಷ ಹಾಲು ಹಾಕುತ್ತಿದ್ದವರು ಹಾಲಜ್ಜಿಯೇ ಅಂತೆ. ಹಿತ್ತಲ ಬಾಗಿಲಿಗೆ ಬರುತ್ತಿದ್ದರಿಂದ ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಮೊಮ್ಮಗನಿಗೆ ಡೇರಿ ಹಾಲು ಕುಡಿಸಲು ಶ್ರೀಮತಿಯವರಿಗೆ ಧೈರ್ಯವಿಲ್ಲ. "ಡಾಕ್ಟ್ರೇ, ಅಜ್ಜಿ ಪರವಾನಗಿ ಬೇಗ ಸಿಗೋ ಹಾಗೆ ಯಾರಿಗಾದ್ರೂ ಒಂದು ಮಾತು ಹೇಳೋಕಾಗುತ್ತಾ?" ಎಂದರು. ಅದಕ್ಕೆ ಪ್ರಭಾವ ಬೀರುವುದು ಎನ್ನುತ್ತಾರೆ, ಮೊದಲು ತಮ್ಮ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು ಎಂದು ವಿನಯದಿಂದ ತಿಳಿಸಿದೆ. ಅರ್ಜಿ ಎಲ್ಲಿ ಸಿಗುತ್ತದೆಂದು ರಾತ್ರಿ ಊಟಕ್ಕೆ ಬಡಿಸುವಾಗ ತಮ್ಮನ್ನೇ ಕೇಳುತ್ತಾರಂತೆ.