ಇನ್‌ಡೈರೆಕ್ಟ್ ಆಬ್ಜೆಕ್ಟು ಮತ್ತು ನಮ್ಮವ್ವನ ಬೆಕ್ಕು

ಹೆಂಡತಿಗೆ ಪಾಠ ಹೇಳಲು ಹೊರಡುವ ಗಂಡಸರ ಧೈರ್ಯವನ್ನು ಮೆಚ್ಚಬೇಕು. ಹೇಳಿಸಿಕೊಳ್ಳುವ ಹೆಂಗಸರ ತಾಳ್ಮೆಯ ಮಾತು ಬೇರೆ. ಅದನ್ನು ಅವರೇ ಬರೆಯಲಿ. ಐವತ್ತರ ದಶಕದ ಕೊನೆಯಲ್ಲಿ ನಾನು ಹೊಳೆನರಸೀಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ನನ್ನ ಹೆಂಡತಿ ಜಯಮ್ಮ ದಂಡಿಗನಹಳ್ಳಿ ಕಡೆಯವಳು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷೊಂದಕ್ಕೇ ಎರಡು ಸಲ ಡುಮ್ಕಿ ಹೊಡೆದು, ಮದುವೆಯಾಗಿ ಬಂದಿದ್ದಳು. ಪಾಸಾದರೆ ಟೀಚರಮ್ಮನಾಗುವ ಆಸೆ. ಇನ್ನೊಂದು ಸಲ ಪರೀಕ್ಷೆ ಕಟ್ಟುತ್ತೇನೆಂದಾಗ ನಮ್ಮವ್ವ, “ಈ ಸಲಾನೂ ಫೇಲಾದ್ರೆ ಆ ಪುಸ್ತಕವ ಒಲೆಗಾಕ್ತೀನಿ ಕಣ್ಲಾ” ಎಂದು ನನಗೆ ಹೇಳಿಬಿಟ್ಟಳು. ಇಂಗ್ಲಿಷಿನಲ್ಲಿ ನಾನು ಹುಲಿ ಎಂಬುದು ನನ್ನದೇ ಅಭಿಪ್ರಾಯವಾಗಿತ್ತು. ಹಾಗಾಗಿ ಮೇಷ್ಟರಾದೆ.

ವರ್ಬು ಸುಲಭವಾಗಿಯೇ ಹತ್ತಿತು. “ರಾಜ ಬಡವನಿಗೆ ಹಸು ಕೊಟ್ಟ” ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು, ಕೊಟ್ಟಿದ್ದೇ ವರ್ಬು ಎಂದೆ. ಏನನ್ನು ಕೊಟ್ಟ? ಹಸುವನ್ನು, ಅದು ಡೈರೆಕ್ಟ್ ಆಬ್ಜೆಕ್ಟ್. ಯಾರಿಗೆ? ಬಡವನಿಗೆ, ಅವನು ಇನ್‌ಡೈರೆಕ್ಟ್.

“ಅಲ್ಲಾ ರೀ, ರಾಜನ ಎದುರ್ಗೇ ಕೈ ಚಾಚ್ಕೊಂಡು ನಿಂತವ್ನೆ. ಅವ್ನು ಇನ್‌ಡೈರೆಕ್ಟ್ ಎಂಗಾದ?” ಎಂದಳು ಜಯಮ್ಮ.

ಜಗಲಿಯಲ್ಲಿದ್ದ ನಮ್ಮಪ್ಪ, “ಅಸ ಎಷ್ಟ್ನೇ ಸೂಲ್ದ್ಲಾ?” ಎಂದು ವಿಚಾರಿಸಿದ.

ಹೀಗೆ ವಾರಗಟ್ಟಲೆ ಆ ಹಸು ನಮ್ಮನೆಯಲ್ಲೇ ಮೇಯುತ್ತಿತ್ತು. ಒಂದು ದಿನ ಅಡುಗೆಮನೆಯಿಂದ ಅವ್ವ ಕೂಗಿದಳು: “ಲೇ ಬೆಕ್ಕೇ, ಪಾತ್ರೆ ಬಿದ್ದಿರಾದು ಕಣ್ಗೆ ಕಾಣಾಕಿಲ್ವಾ? ಒಂದೇ ಸಮ ಕುಂತಿದ್ದೀಯಲ್ಲಾ!” ಬೆಕ್ಕು ಕಿಟಕಿಯಲ್ಲಿ ಕೂತು ಮೂತಿ ತೊಳೆಯುತ್ತಿತ್ತು. ಪುಸ್ತಕ ಬಿಟ್ಟು ಪಾತ್ರೆ ತೊಳೆಯಲು ಎದ್ದ ಜಯಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. “ರೀ, ಗೊತ್ತಾಯ್ತು! ಅತ್ತೆ ಕೊಟ್ಟಿದ್ದು ಬೈಗುಳ, ಅದು ಡೈರೆಕ್ಟು. ಕೊಟ್ಟಿದ್ದು ನಂಗೆ, ನಾನು ಇನ್‌ಡೈರೆಕ್ಟು!” ಬೆಕ್ಕು ಏನೆಂದು ಅವಳು ಕೇಳಲಿಲ್ಲ. ಪುಣ್ಯ, ನನಗೂ ಗೊತ್ತಿರಲಿಲ್ಲ.

ಅಂದಿನಿಂದ ಅವ್ವ ಬಾಯಿಬಿಟ್ಟರೆ ಜಯಮ್ಮನಿಗೆ ಪಾಠ. ಬೈಸಿಕೊಂಡು ಇಷ್ಟು ಸಂತೋಷಪಡುವ ಸೊಸೆಯನ್ನು ಕಂಡು ಅವ್ವನಿಗೇ ದಿಗಿಲಾಯಿತು. ಜಯಮ್ಮ ಹಾಸನಕ್ಕೆ ಹೋಗಿ ಪರೀಕ್ಷೆ ಬರೆದು ಬಂದಳು, ಪಾಸಾದಳು. ಆ ದಿನ ಅವ್ವ ಬೆಕ್ಕಿನ ಕಡೆ ತಿರುಗದೆ, ಸೀದಾ ಸೊಸೆಯ ಮುಖ ನೋಡಿ, “ಗಟ್ಟಿಗಿತ್ತಿ ಕಣವ್ವ ನೀನು” ಎಂದಳು. ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅವಳಿಗೆ ಶಾಲೆಯಲ್ಲಿ ಕೆಲಸವಾದಾಗ ಪಕ್ಕದ ಮನೆಯವರು ಬಂದು, “ಎಲ್ಲಾ ನಿಮ್ಮಿಂದ್ಲೇ ಸಾ” ಎಂದರು. ನಾನು ಬೇಡವೆನ್ನುವವನಂತೆ ತಲೆ ತಗ್ಗಿಸಿದೆ.

“ಊ ಮತ್ತೆ, ಇವ್ರು ಎಲ್ಪಿಂಗ್ ವರ್ಬು” ಎಂದಳು ಜಯಮ್ಮ, ಕಾಫಿ ಕೊಡುತ್ತ. “ಕೆಲ್ಸ ಮಾಡಾ ವರ್ಬಿನ ಪಕ್ಕದಾಗೆ ಸುಮ್ನೆ ನಿಂತಿರ್ತದಲ್ಲ, ಅದು.”

ಎಲ್ಲರೊಂದಿಗೆ ನಾನೂ ನಕ್ಕೆ. ಅವರು ಹೋದ ಮೇಲೆ ಗ್ರಾಮರ್ ಪುಸ್ತಕ ತೆಗೆದು ನೋಡಿದೆ. ಅವಳು ಹೇಳಿದ್ದರಲ್ಲಿ ಒಂದು ತಪ್ಪೂ ಸಿಗಲಿಲ್ಲ.